ಅವ್ವ ನಿಂತಿದ್ದ ಕಿಟಕಿ

ಕಣ್ಣಿನ ಡಾಕ್ಟರರು ಮೂಗಿನ ಮೇಲೆ ಕೂರಿಸುವ ತಣ್ಣನೆಯ ಲೋಹದ ಚೌಕಟ್ಟಿನೊಳಗೆ ಗಾಜಿನ ಬಿಲ್ಲೆ ಇಳಿಯುವಾಗ ‘ಟಿಕ್’ ಎಂದು ಒಂದು ಸದ್ದಾಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಕೇಳಿಸದಷ್ಟು ಸಣ್ಣ ಸದ್ದು. ಹಾಕಿಕೊಂಡವರಿಗೆ ಮಾತ್ರ ಅದು ತಲೆಬುರುಡೆಯೊಳಗೇ ಆದಂತೆ ಕೇಳುತ್ತದೆ. ಚಿಕ್ಕಂದಿನಲ್ಲೇ ಚಾಳೀಸು, ಅಂದರೆ ಕನ್ನಡಕ, ಬಂದವರು ನೀವಾಗಿದ್ದರೆ ನಾನು ಹೇಳುತ್ತಿರುವುದು ನಿಮಗೆ ಗೊತ್ತಾಗುತ್ತದೆ. ಈಚೆಗೆ ಹುಬ್ಬಳ್ಳಿಯಲ್ಲಿ ಮೊಮ್ಮಗಳ ಕಣ್ಣು ತೋರಿಸಲು ಹೋಗಿದ್ದೆ. ಈಗ ಎಲ್ಲಕ್ಕೂ ಯಂತ್ರಗಳು ಬಂದಿವೆ. ಆದರೂ ಕೊನೆಗೆ ಆ ಹುಡುಗಿ ಡಾಕ್ಟರು ಮೇಜಿನ ಡ್ರಾಯರಿನಿಂದ ಅದೇ ಹಳೆಯ ಚೌಕಟ್ಟನ್ನು ತೆಗೆದು ಮಗುವಿನ ಮೂಗಿಗೆ ಏರಿಸಿದಳು. ‘ಪೂರ್ತಿ ನಂಬರ್ ಕೊಡ್ತೀನಿ ಆಂಟಿ, ದಿನವಿಡೀ ಹಾಕಿರಲಿ. ಬಿಸಿಲಲ್ಲಿ ಹೊರಗೆ ಆಡಲಿ. ಕಡಿಮೆ ನಂಬರ್ ಕೊಟ್ಟರೆ ಕಣ್ಣು ಉಳೀತದೆ ಅಂತ ಹಿಂದೆ ಅಂದ್ಕೊಂಡಿದ್ದರು, ಹಾಗೇನಿಲ್ಲ’ ಎಂದಳು. ಅವಳ ಮಾತು ನನ್ನ ಕಿವಿಗೆ ಅರ್ಧ ಬಿತ್ತು. ಬಿಲ್ಲೆ ಇಳಿದ ಆ ಸದ್ದಿಗೆ ನಾನು ಆಗಲೇ ವಡೋದರೆಗೆ ಹೊರಟುಹೋಗಿದ್ದೆ.

ಅರವತ್ತರ ದಶಕದ ಮೊದಲಲ್ಲಿ ಅಪ್ಪನನ್ನು ವಿಮಾ ಕಚೇರಿಯವರು ಧಾರವಾಡದಿಂದ ಅಲ್ಲಿಗೆ ವರ್ಗ ಮಾಡಿದ್ದರು. ಫತೇಗಂಜ್‌ನಲ್ಲಿ, ವಿಶ್ವವಿದ್ಯಾಲಯದ ಹುಡುಗರ ಸೈಕಲ್ಲುಗಳು ಹಿಂಡುಹಿಂಡಾಗಿ ಹಾಯುವ ರಸ್ತೆಯಿಂದ ಒಂದಿಷ್ಟು ಒಳಗೆ, ಹೀರಾಬಾ ಎಂಬ ಮುದುಕಿ ಸೊಸೆಯೊಡನೆ ಇದ್ದ ಮನೆಯ ಕೆಳಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ, ಅವ್ವ, ಅಣ್ಣ ವಸಂತ, ನಾನು. ಮುಂದೆ ಕಲ್ಲಿನ ಕಟ್ಟೆ, ಹಿಂದೆ ಉದ್ದಕ್ಕೆ ಚಾಚಿದ ಹಿತ್ತಿಲು. ಹಿತ್ತಿಲ ನಡುವೆ ಒಂದು ಬೇವಿನ ಮರ, ಕೊನೆಯಲ್ಲಿ ನೀರಿನ ನಲ್ಲಿ. ಹೀಗೆ ಈಗ ಬರೆಯುತ್ತೇನೆ. ಆದರೆ ಆ ಮನೆಯನ್ನು ಮೊದಲ ವರ್ಷಗಳಲ್ಲಿ ನಾನು ಹಾಗೆ ಕಂಡವಳಲ್ಲ. ನನ್ನ ಪಾಲಿಗೆ ಬೇವಿನ ಮರವೆಂದರೆ ಒಂದು ಹಸಿರು ಹೊಗೆ, ನಲ್ಲಿಯೆಂದರೆ ಒಂದು ಸದ್ದು. ನಾನು ಚಾಚಿದ ಕೈಗೆ ಸಿಗುವಷ್ಟು ದೂರದ ಆಚೆ ಎಲ್ಲವೂ ಕರಗಿ ಒಂದರೊಳಗೊಂದು ಸೇರಿಬಿಡುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆಂದು ನಾನು ತಿಳಿದಿದ್ದರಿಂದ ಅದನ್ನು ಯಾರಿಗೂ ಹೇಳಬೇಕೆನಿಸಿರಲಿಲ್ಲ. ಹತ್ತಿರದ್ದು ಮಾತ್ರ ಬೇರೆಯವರು ಕಾಣದಷ್ಟು ಚೊಕ್ಕಟವಾಗಿ ಕಾಣುತ್ತಿತ್ತು. ಅವ್ವ ನನ್ನ ಗಲ್ಲ ಹಿಡಿದು ಹಣೆಗೆ ಕುಂಕುಮ ಇಡುವಾಗ ಅವಳ ಮುಖ ನನ್ನ ಮುಖದ ಹತ್ತಿರ ಬರುತ್ತಿತ್ತಲ್ಲ, ಆಗ ಅವಳ ಎಡಹುಬ್ಬಿನೊಳಗೆ ಅಡಗಿದ್ದ ಒಂದು ಎಳ್ಳುಗಾತ್ರದ ಮಚ್ಚೆ, ಮೂಗುಬೊಟ್ಟಿನ ಸುತ್ತ ಉಳಿದ ಅರಿಶಿನ, ಕಣ್ಣರೆಪ್ಪೆಗಳು ಒಂದೊಂದಾಗಿ ಕಾಣುತ್ತಿದ್ದವು. ಅವ್ವ ಹೇಗಿದ್ದಳು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಹೇಳಬಲ್ಲದ್ದು ಇಷ್ಟೇ. ಅವಳ ನಡಿಗೆ ಹೇಗಿತ್ತು, ಬಾಗಿಲಲ್ಲಿ ನಿಂತಾಗ ಹೇಗೆ ಕಾಣುತ್ತಿದ್ದಳು, ದೂರದಿಂದ ನನ್ನನ್ನು ನೋಡಿ ನಗುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಅವಳೇ ನನಗೆ ಕನ್ನಡ ಅಕ್ಷರ ಕಲಿಸಿದ್ದು. ಶಾಲೆಯಲ್ಲಿ ನಾನು ಗುಜರಾತಿ ಮಕ್ಕಳ ನಡುವೆ ಗುಜರಾತಿಯನ್ನೇ ಬರೆಯುತ್ತಿದ್ದೆ, ಬೀದಿಯಲ್ಲಿ ಅದನ್ನೇ ಆಡುತ್ತಿದ್ದೆ. ಕನ್ನಡ ಎಂದರೆ ಸಂಜೆ ಅಡಿಗೆಮನೆಯಲ್ಲಿ, ಬಿಸಿ ಬಾಣಲೆಗೆ ಸಾಸಿವೆ ಬೀಳುವ ವಾಸನೆಯಲ್ಲಿ, ಅವ್ವನ ಮಡಿಲ ಪಕ್ಕ ಹಿಡಿದ ಪಾಟಿ. ‘ಪಾಟೀ ಅಷ್ಟ್ಯಾಕ ಮೂಗಿಗೆ ಹಚ್ಚಿ ಹಿಡೀತಿ, ಸುಮೀ? ಅಕ್ಷರ ಮೂಸ್ತೀಯೇನು?’ ಎಂದು ಅವಳು ನಗುತ್ತಿದ್ದಳು. ಪಾಟಿಯನ್ನು ಹಿಂದಕ್ಕೆ ಸರಿಸುತ್ತಿದ್ದಳು, ನಾನು ಮತ್ತೆ ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಉತ್ತರಾಯಣದ ದಿನ ವಡೋದರೆಯಲ್ಲಿ ಯಾರೂ ಮನೆಯೊಳಗಿರುವುದಿಲ್ಲ. ನಾವು ಎಳ್ಳು ಬೀರುವ ಸಂಕ್ರಾಂತಿ ಅಲ್ಲಿ ಗಾಳಿಪಟದ ಹಬ್ಬ. ಊರಿಗೆ ಊರೇ ಮಾಳಿಗೆ ಏರಿ ಆಕಾಶ ನೋಡುತ್ತಾ ನಿಂತಿರುತ್ತದೆ. ಆ ವರ್ಷ ಹೀರಾಬಾ ನಮ್ಮನ್ನೆಲ್ಲ ತಮ್ಮ ಮಾಳಿಗೆಗೆ ಕರೆದಿದ್ದರು. ಬೆಲ್ಲದ ಚಿಕ್ಕಿ, ‘ಊಂಧಿಯು’ ಎಂಬ ಬಿಸಿ ಬಿಸಿ ತರಕಾರಿ ಪಲ್ಯ, ಎಣ್ಣೆಯ ವಾಸನೆ, ಬಿಸಿಲು. ಅಣ್ಣ ದಾರ ಹಿಡಿದಿದ್ದ. ‘ಕಾಪ್ಯೋ!’ ಎಂದು ಯಾರೋ ಕೂಗಿದರೆ, ಪಟ ಕತ್ತರಿಸಿಹೋಯಿತೆಂದು ಎಲ್ಲ ಮಾಳಿಗೆಗಳೂ ಒಟ್ಟಿಗೆ ಕೂಗುತ್ತಿದ್ದವು. ನಾನೂ ಕತ್ತೆತ್ತಿ ಕೂಗುತ್ತಿದ್ದೆ. ನನ್ನ ಮೇಲಿದ್ದದ್ದು ಬರಿಯ ಆಕಾಶ, ತೊಳೆದಿಟ್ಟ ಬಟ್ಟಲಿನ ಹಾಗೆ ಖಾಲಿ. ಎಲ್ಲರೂ ಸೇರಿ ಆಡುವ ಆಟದಲ್ಲಿ ಇಲ್ಲದ್ದನ್ನು ಇದೆಯೆಂದು ಕೂಗಬೇಕು, ಅದೇ ಹಬ್ಬ, ಎಂದುಕೊಂಡಿದ್ದೆ. ಅವ್ವ ನನ್ನ ಪಕ್ಕ ಕೂತು ಕೇಳಿದಳು: ‘ಅಣ್ಣನ ಪಟ ಯಾವುದು, ತೋರಸು ನೋಡೋಣ.’ ನಾನು ಧೈರ್ಯವಾಗಿ ಒಂದು ಕಡೆ ಬೆರಳು ಮಾಡಿದೆ. ಅವಳು ಆ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಬೆರಳನ್ನು ಮೆಲ್ಲಗೆ ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

ಅದೇ ವರ್ಷ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮೊದಲು ಮನೆಯಲ್ಲೇ ಕಷಾಯ, ಆಮೇಲೆ ಓಣಿಯ ಡಾಕ್ಟರು, ಆಮೇಲೆ ದೊಡ್ಡಾಸ್ಪತ್ರೆ. ವಿಷಮಜ್ವರ, ಕರುಳಿಗೆ ಇಳಿದಿದೆ ಎಂದು ದೊಡ್ಡವರು ಪಿಸುಗುಡುತ್ತಿದ್ದರು. ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಸಂಜೆ ಡಬ್ಬಿ ಹಿಡಿದು ಹೋಗಿ ಬರುತ್ತಿದ್ದರು. ಬಂದವರೇ ಕಟ್ಟೆಯ ಮೇಲೆ ಚಪ್ಪಲಿ ಸಹ ಬಿಡದೆ ಕೂತುಬಿಡುತ್ತಿದ್ದರು. ಒಂದು ಭಾನುವಾರ ಅವ್ವ ಮಕ್ಕಳನ್ನು ನೋಡಲೇಬೇಕೆಂದಳಂತೆ. ಅಪ್ಪ ನಮ್ಮಿಬ್ಬರನ್ನು ಆಸ್ಪತ್ರೆಯ ಅಂಗಳದಲ್ಲಿ ಒಂದು ಗುಲ್‌ಮೊಹರ್ ಗಿಡದ ಕೆಳಗೆ ನಿಲ್ಲಿಸಿ ಮೇಲೆ ಹೋದರು. ಮಳೆ ನಿಂತು ಬಿಸಿಲು ಬಂದಿತ್ತು. ಎದುರಿಗೆ ಹಳದಿ ಗೋಡೆ, ಅದರ ತುಂಬ ಕಪ್ಪು ಕಪ್ಪಾದ ಚೌಕಗಳು. ಸ್ವಲ್ಪ ಹೊತ್ತಿಗೆ ಅಣ್ಣ ಜಿಗಿಯತೊಡಗಿದ. ‘ಅಲ್ಲಿ ನೋಡು, ಅವ್ವ! ಅವ್ವ ಕೈ ಮಾಡ್ಲಿಕ್ಕತ್ತಾಳ!’ ಎಂದು ಕೂಗಿದ. ನಾನೂ ಜಿಗಿದೆ. ನಾನೂ ಎರಡೂ ಕೈ ಎತ್ತಿ ಬೀಸಿದೆ. ಒಂದು ಚೌಕದಲ್ಲಿ ಬೆಳ್ಳಗಿನದೇನೋ ಅಲುಗಿದಂತಾಯಿತು. ಅದೇ ಅವ್ವ ಎಂದುಕೊಂಡು ಅದಕ್ಕೆ ನಕ್ಕೆ, ‘ಅವ್ವಾ, ಲಗೂ ಬಾ’ ಎಂದು ಕೂಗಿದೆ. ಅಣ್ಣ ನನ್ನ ತಲೆಯನ್ನು ಹಿಡಿದು ಬೇರೆ ಕಡೆ ತಿರುಗಿಸಿದ. ‘ಅದು ಪಡದೆ. ಅವ್ವ ಅಲ್ಲಿ ಇಲ್ಲ, ಈ ಕಡೆ ಇದ್ದಾಳ’ ಎಂದ. ಅವನು ತಿರುಗಿಸುವಷ್ಟರಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು.

ಅವಳು ಮತ್ತೆ ಮನೆಗೆ ಬರಲಿಲ್ಲ. ಅದನ್ನು ಹೇಗೆ ಬರೆಯಬೇಕೋ ಈ ವಯಸ್ಸಿನಲ್ಲೂ ನನಗೆ ತಿಳಿಯದು. ಮನೆ ತುಂಬ ಕಾಲುಗಳು, ಒದ್ದೆ ಸೀರೆಗಳು, ಹೀರಾಬಾರ ಒರಟು ಅಂಗೈ ನನ್ನ ಬೆನ್ನ ಮೇಲೆ, ಯಾರದೋ ಅಳು ಯಾವ ಕೋಣೆಯಿಂದ ಎಂದು ಗೊತ್ತಾಗದಂತೆ ಬರುತ್ತಿದ್ದದ್ದು, ಇಷ್ಟು ನೆನಪಿದೆ. ಧಾರವಾಡದಿಂದ ಅಪ್ಪನ ಅಕ್ಕ, ನಮ್ಮ ಅತ್ತಿ, ಬಂದು ನಮ್ಮ ಅಡಿಗೆಮನೆಯ ಹೊಣೆ ಹೊತ್ತರು. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ನನಗೆ ಹೊಸ ಫ್ರಾಕ್ ಹಾಕಿಸಿ ರಾವಪುರಾ ಪೇಟೆಯ ಕಡೆ ಹೊರಟರು. ‘ಎಲ್ಲಿಗೋ ಕೂಸಿನ್ನ ಕರಕೊಂಡು?’ ಎಂದು ಅತ್ತಿ ಕೇಳಿದರು. ಅಪ್ಪ ಬಾಗಿಲಲ್ಲೇ ನಿಂತು, ಗೋಡೆಯ ಕಡೆ ಮುಖ ಮಾಡಿ ಹೇಳಿದರು: ‘ಅವತ್ತು ಕಿಟಕೀಲಿಂದ ಹಾಸಿಗೀಗೆ ಬಂದು ಮಲಗಿದಾಕಿ ಒಂದ ಮಾತು ಅಂದ್ಲು. ಹುಡುಗಿಗೆ ನಾ ಕಾಣಲಿಲ್ಲ, ಬ್ಯಾರೆ ಕಿಟಕಿಗೆ ಕೈ ಮಾಡಿದ್ಲು. ಆಕಿ ಕಣ್ಣು ತೋರಸ್ರಿ ಅಂತ. ಅದಾದ ಮ್ಯಾಲ ಮಾತಾಡಲಿಲ್ಲ ಆಕಿ.’ ಅತ್ತಿ ಸೆರಗು ಬಾಯಿಗಿಟ್ಟುಕೊಂಡರು. ನಾನು ಅವ್ವನನ್ನು ಕಾಣಲಿಲ್ಲ ಎಂಬುದನ್ನು ಅವ್ವ ಕಂಡಿದ್ದಳು ಎಂದು ನನಗೆ ಗೊತ್ತಾದದ್ದು ಆಗ.

ರಾವಪುರಾದ ಕಣ್ಣಿನ ಡಾಕ್ಟರು ಒಬ್ಬ ಪಾರ್ಸಿ ಮುದುಕ. ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ, ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಸಾಲುಸಾಲು ಗಾಜಿನ ಬಿಲ್ಲೆಗಳು. ಗೋಡೆಯ ಮೇಲಿದ್ದ ಗುಜರಾತಿ ಅಕ್ಷರಗಳನ್ನು ಓದು ಎಂದರು. ಯಾವ ಗೋಡೆ ಎಂದು ಕೇಳಿದೆ. ಅವರು ನಗಲಿಲ್ಲ. ಚೌಕಟ್ಟಿಗೆ ಬಿಲ್ಲೆಗಳನ್ನು ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಹೋದರು. ಪ್ರತಿ ‘ಟಿಕ್’ಗೂ ಗೋಡೆ ನನ್ನ ಕಡೆ ಒಂದಿಷ್ಟು ನಡೆದು ಬಂತು. ಆಮೇಲೆ ‘ಆವ್ ದೀಕ್ರಿ’, ಬಾ ಮಗಳೇ, ಎಂದು ಕರೆದು, ಬೇರೆ ಒಂದು ಉಬ್ಬಿದ ಗಾಜನ್ನು ಕಿಟಕಿಗೆ ಎದುರಾಗಿ ಬಿಳಿ ಗೋಡೆಯ ಮುಂದೆ ಹಿಡಿದರು. ಗೋಡೆಯ ಮೇಲೆ ಪುಟ್ಟ ಬೀದಿಯೊಂದು ಮೂಡಿತು, ತಲೆಕೆಳಗಾಗಿ: ಮರ, ಮನೆ, ಕಾಲು ಮೇಲಾಗಿ ಓಡುವ ಒಂದು ಟಾಂಗಾ. ಗಾಜನ್ನು ಗೋಡೆಯಿಂದ ಸ್ವಲ್ಪ ದೂರ ಸರಿಸಿದರು, ಬೀದಿ ಕಲಸಿಹೋಯಿತು. ನಿನ್ನ ಕಣ್ಣು ಇರಬೇಕಾದ್ದಕ್ಕಿಂತ ಉದ್ದ ಬೆಳೆದಿದೆ, ಚಿತ್ರ ಹಿಂದಿನ ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ, ಚಾಳೀಸಿನ ಗಾಜು ಅದನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಗುಜರಾತಿಯಲ್ಲಿ ಬಿಡಿಸಿ ಹೇಳಿದರು. ಅಪ್ಪನ ದಪ್ಪ ಚಾಳೀಸನ್ನು ಬೆರಳಿನಿಂದ ತಟ್ಟಿ, ‘ನಿಮ್ಮಿಂದ ಬಂದದ್ದು’ ಎಂದರು. ಪೂರ್ತಿ ನಂಬರ್ ಕೊಟ್ಟರೆ ಕಣ್ಣು ಸೋಮಾರಿಯಾಗಿ ಇನ್ನೂ ಇಳಿಯುತ್ತದೆ, ಒಂದಿಷ್ಟು ಕಡಿಮೆಯೇ ಕೊಡುತ್ತೇನೆ, ಓದುವಾಗ ತೆಗೆದಿಡಲಿ ಎಂದೂ ಹೇಳಿದರು. ಆ ಕಾಲದಲ್ಲಿ ಬಲ್ಲವರೆಲ್ಲ ಹಾಗೇ ನಂಬಿದ್ದರು.

ಚಾಳೀಸು ಹಾಕಿಕೊಂಡು ಅದನ್ನು ಮಾಡಿಕೊಟ್ಟ ಅಂಗಡಿಯ ಮೆಟ್ಟಿಲಿಳಿದ ದಿನವನ್ನು ನಾನು ಮರೆಯಲಾರೆ. ನೆಲ ಇಳಿಜಾರಾಗಿ ದೂರ ಸರಿದಿತ್ತು. ಕಾಲಿಟ್ಟಲ್ಲಿ ನೆಲ ಸಿಗುವುದೋ ಇಲ್ಲವೋ ಎಂದು ಅಪ್ಪನ ಕೈ ಬಿಗಿ ಹಿಡಿದಿದ್ದೆ. ಮರಕ್ಕೆ ಎಲೆಗಳಿದ್ದವು. ರಾವಪುರಾದ ಗಡಿಯಾರದ ಗೋಪುರಕ್ಕೆ ಮುಳ್ಳುಗಳಿದ್ದವು. ಎದುರಿನಿಂದ ಬರುವ ಜನರಿಗೆ ಹತ್ತಿರ ಬರುವ ಮೊದಲೇ ಮುಖಗಳಿದ್ದವು! ‘ಈಗ ಕಾಣಸ್ತದೇನವಾ?’ ಎಂದು ಅಪ್ಪ ಬಗ್ಗಿ ಕೇಳಿದರು. ‘ಎಲ್ಲಾ ಕಾಣಸ್ತದ’ ಎಂದೆ. ಹಾಗೆಂದು ಮನೆಗೆ ಬಂದರೆ ಅಲ್ಲಿಯೂ ಎಲ್ಲ ಕಂಡಿತು. ಅಲ್ಲಿಯವರೆಗೆ ದುಃಖವೆಂದರೆ ನನಗೆ ಬರಿ ದನಿ. ಈಗ ಅದಕ್ಕೆ ಮುಖಗಳು ಬಂದವು. ಕೋಣೆಯ ಆಚೆ ತುದಿಯಲ್ಲಿ ಪುಸ್ತಕ ಹಿಡಿದು ಕೂತ ಅಣ್ಣನ ಊದಿದ ಕಣ್ಣು, ಒಬ್ಬನೇ ಇದ್ದೇನೆಂದುಕೊಂಡು ಅಪ್ಪ ಗಲ್ಲ ಉಜ್ಜಿಕೊಳ್ಳುವುದು, ನನ್ನನ್ನು ಕಂಡೊಡನೆ ಅತ್ತಿ ಮುಖ ಬದಲಿಸಿಕೊಳ್ಳುವುದು. ಮೂಲೆಮೂಲೆಯೂ ಚೊಕ್ಕಟವಾಗಿ ಕಾಣುವ ಆ ಮನೆಯಲ್ಲಿ ಅವ್ವ ಎಲ್ಲಿಯೂ ಇರಲಿಲ್ಲ.

ಅತ್ತಿಯವರಿಗೆ ನನ್ನ ಚಾಳೀಸು ಮೊದಲಿನಿಂದಲೂ ಸೇರಲಿಲ್ಲ. ‘ಹೆಣ್ಣು ಕೂಸು, ಇಷ್ಟಕ್ಕs ಇಷ್ಟು ದಪ್ಪ ಗಾಜು ಏರಿಸ್ಯಾರ. ಹಾಕ್ಕೊಂಡಷ್ಟೂ ನಂಬರ ಏರತದ. ಮನ್ಯಾಗರ ತೆಗದಿಡು’ ಎನ್ನುತ್ತಿದ್ದರು. ಹೀಗಾಗಿ ಶಾಲೆಯಿಂದ ಬಂದೊಡನೆ ಅದನ್ನು ತೆಗೆದಿಡುವುದು ರೂಢಿಯಾಯಿತು. ಅಂಥ ಒಂದು ಸಂಜೆ ಹಿತ್ತಿಲ ಬಾಗಿಲಿನ ಹೊಸ್ತಿಲ ಮೇಲೆ ಕೂತಿದ್ದೆ. ಬೆಳಕು ಇನ್ನೂ ಇತ್ತು. ನಲ್ಲಿಯ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಬಗ್ಗಿ ಕೊಡ ಎತ್ತಿದಳು, ಎತ್ತಿ ಒಂದು ಗಳಿಗೆ ನನ್ನ ಕಡೆ ಮುಖ ಮಾಡಿ ನಿಂತಳು. ಮುಖವಿಲ್ಲದ ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ದೂರದ ಅವ್ವ ನನಗೆ ಯಾವಾಗಲೂ ಹಾಗೇ ಕಂಡವಳು. ನನಗೆ ಹೆದರಿಕೆಯಾಗಲಿಲ್ಲ. ಓಡಿ ಅವಳ ಹತ್ತಿರ ಹೋಗಬೇಕೆಂದೂ ಅನಿಸಲಿಲ್ಲ. ಹತ್ತಿರ ಹೋದರೆ ಅವಳು ಹೀರಾಬಾರ ಸೊಸೆಯಾಗಿಬಿಡುತ್ತಾಳೆಂದು ನನ್ನೊಳಗೆ ಯಾವುದೋ ಒಂದಕ್ಕೆ ಗೊತ್ತಿತ್ತು. ಸುಮ್ಮನೆ ಕೂತು ನೋಡಿದೆ. ಮರುದಿನ ಸಂಜೆಯೂ ಹೋಗಿ ಕೂತೆ. ಆಮೇಲೆ ದಿನವೂ. ಕೆಲವು ಸಂಜೆ ಅವಳು ಬೇವಿನ ಕೆಳಗೆ ನಿಲ್ಲುತ್ತಿದ್ದಳು, ಕೆಲವು ಸಂಜೆ ಗೋಡೆಯಾಚೆ ಹಾಯ್ದು ಹೋಗುತ್ತಿದ್ದಳು. ನಾನು ಕೈ ಬೀಸುತ್ತಿದ್ದೆ. ಒಮ್ಮೊಮ್ಮೆ ಅವಳೂ ಬೀಸುತ್ತಿದ್ದಳು. ಶಾಲೆಯಲ್ಲಿ ಕೂಡ ಚಾಳೀಸನ್ನು ಚೀಲದಲ್ಲಿಟ್ಟು, ಗೇಟಿನಾಚೆಯ ಹೆಂಗಸರ ಗುಂಪಿನಲ್ಲಿ ಅವಳನ್ನು ಹುಡುಕತೊಡಗಿದೆ. ಪಾಠದ ಹಲಗೆ ಮತ್ತೆ ಕಪ್ಪು ಹೊಗೆಯಾಯಿತು.

ಮುಂದಿನ ಬೇಸಿಗೆಯಲ್ಲಿ ಅಪ್ಪ ಮತ್ತೆ ಪಾರ್ಸಿ ಡಾಕ್ಟರರ ಹತ್ತಿರ ಕರೆದೊಯ್ದರು. ನಂಬರು ಬಹಳ ಏರಿತ್ತು. ಡಾಕ್ಟರರು ನನ್ನ ಮೂಗನ್ನು ನೋಡಿದರು. ಚಾಳೀಸಿನ ಗುರುತೇ ಅಲ್ಲಿರಲಿಲ್ಲ. ಹುಡುಗಿ ಇದನ್ನು ಹಾಕಿಕೊಳ್ಳುತ್ತಿಲ್ಲ ಎಂದರು. ಮನೆಗೆ ಬಂದು, ಎಂದೂ ದನಿ ಎತ್ತದ ಅಪ್ಪ ಅಂಗಳದಲ್ಲೇ ಕೂಗಾಡಿದರು. ‘ಆಕಿ ಕೇಳಿದ್ದು ಅದೊಂದs. ನಿನ್ನ ಕಣ್ಣು ಕುರುಡಾದ್ರ ನಾ ಆಕಿಗೆ ಏನಂತ ಹೇಳ್ಲಿ? ಯಾಕ ಹಾಕ್ಕೊಳ್ಳೂದಿಲ್ಲ, ಹೇಳು!’ ಅತ್ತಿ ನಡುವೆ ಬಂದು ‘ನಾನs ತೆಗೀ ಅಂದೇನೋ, ಕೂಸಿಗೆ ಬಯ್ಯಬ್ಯಾಡ’ ಎಂದರು. ಅಪ್ಪ ಒಳಗೆ ಹೋದರು. ನಾನು ಹಿತ್ತಿಲಿಗೆ ಹೋದೆ.

ಸಂಜೆಯಾಗುತ್ತಿತ್ತು. ಹೊಸ್ತಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಬೆನ್ನ ಹಿಂದೆ ಅಪ್ಪ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ನಾನು ನಲ್ಲಿಯ ಕಡೆ ಕೈ ಬೀಸುತ್ತಿದ್ದೆ. ‘ಯಾರಿಗೆ ಕೈ ಮಾಡ್ತಿ, ಸುಮೀ?’ ಎಂದರು. ಈಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ‘ಅವ್ವಗ’ ಎಂದೆ. ‘ಚಾಳೀಸು ಹಾಕ್ಕೊಂಡ್ರ ಆಕಿ ಹೋಗಿಬಿಡ್ತಾಳ ಅಪ್ಪಾ. ತೆಗದ್ರ ಇರ್ತಾಳ.’ ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. ಅಪ್ಪ ಬಯ್ಯಲಿಲ್ಲ. ಧೋತರ ಎತ್ತಿ ನನ್ನ ಪಕ್ಕ ಹೊಸ್ತಿಲ ಮೇಲೆ ಕೂತರು. ಕೂತು, ಎರಡೂ ಕೈಯಿಂದ ತಮ್ಮ ಚಾಳೀಸನ್ನು ತೆಗೆದರು. ಗಾಜಿಲ್ಲದ ಅವರ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಚಿಕ್ಕ ಹುಡುಗನ ಕಣ್ಣಿನಂತೆ ದಿಕ್ಕುಗೆಟ್ಟು ಕಾಣುತ್ತಿದ್ದವು. ಅವರು ನಲ್ಲಿಯ ಕಡೆ ನೋಡಿದರು. ಅಲ್ಲಿ ಹೀರಾಬಾರ ಸೊಸೆ ಕೊಡ ತುಂಬಿಸುತ್ತಿದ್ದಿರಬೇಕು. ಬಹಳ ಹೊತ್ತು ನೋಡಿದರು. ‘ಹೌದವಾ’ ಎಂದರು, ಅಷ್ಟು ಮೆಲ್ಲಗೆ ಎಂದರೆ ಅದು ನನಗೆ ಹೇಳಿದ್ದೋ ಅಲ್ಲವೋ ತಿಳಿಯದಂತೆ. ‘ಇದ್ದಾಳ.’

ಕತ್ತಲು ಇಳಿಯುವವರೆಗೂ ನಾವಿಬ್ಬರೂ ಅಲ್ಲೇ ಇದ್ದೆವು. ಏಳುವಾಗ ಅಪ್ಪ ನನ್ನ ಚಾಳೀಸನ್ನು ಧೋತರದ ಅಂಚಿನಿಂದ ಒರೆಸಿ ನನ್ನ ಕಿವಿಗಳಿಗೆ ಸಿಕ್ಕಿಸಿದರು. ‘ಸಾಲ್ಯಾಗ, ದಾರ್ಯಾಗ ಹಾಕ್ಕೋಬೇಕು. ಆಕಿ ನಿನ್ನ ನೋಡಿದ್ಲು, ನೀ ನೋಡ್ಲಿಲ್ಲಂತ ಜೀವಕ್ಕ ಹಚ್ಚಿಕೊಂಡು ಹ್ವಾದ್ಲು. ಇನ್ನ ಮ್ಯಾಲ ಯಾರನ್ನೂ ಹಂಗ ತಪ್ಪಿಸ್ಕೋಬ್ಯಾಡ’ ಎಂದರು. ಆ ದಿನದಿಂದ ಹಾಕಿಕೊಂಡೆ. ಮುಂದಿನ ಉತ್ತರಾಯಣಕ್ಕೆ ಮಾಳಿಗೆ ಏರಿದಾಗ ಆಕಾಶದಲ್ಲಿ ಪಟಗಳಿದ್ದವು, ನಿಜವಾಗಿಯೂ ಇದ್ದವು, ಕಣ್ಣು ತುಂಬುವಷ್ಟು. ಅಣ್ಣನ ಹಸಿರು ಪಟ ಹಿಡಿದ ದಾರ ಸಹ ಬಿಸಿಲಿಗೆ ಹೊಳೆದು ಕಂಡಿತು. ಕತ್ತರಿಸಿಹೋದ ಪಟ ಎಲ್ಲಿ ಬೀಳುತ್ತದೆಂದು ಯಾರೂ ನೋಡುತ್ತಿರಲಿಲ್ಲ. ನಾನು ಮಾತ್ರ ಅದು ಮನೆಗಳ ಹಿಂದೆ ಮರೆಯಾಗುವವರೆಗೂ ನೋಡುತ್ತಿದ್ದೆ.

ಫತೇಗಂಜ್‌ನ ಮನೆಯನ್ನು ಬಿಟ್ಟು ನಾವು ಸೂರತ್ತಿಗೆ ಹೋದೆವು, ಅಲ್ಲಿಂದ ಅಹಮದಾಬಾದಿಗೆ. ಅತ್ತಿ ಸೂರತ್ತಿನಲ್ಲಿರುವಾಗಲೇ ಧಾರವಾಡಕ್ಕೆ ಹಿಂತಿರುಗಿದರು, ಮತ್ತೆ ಬರಲಿಲ್ಲ. ಅಣ್ಣ ದೊಡ್ಡವನಾದ, ನನ್ನ ಮದುವೆಯಾಯಿತು. ಹೀರಾಬಾ ತೀರಿಕೊಂಡದ್ದು ಬಹಳ ತಡವಾಗಿ ತಿಳಿಯಿತು. ಮನೆ ಕೆಡವಿದ್ದು ಅದಕ್ಕೂ ತಡವಾಗಿ. ಅಪ್ಪ ಮರುಮದುವೆಯಾಗಲಿಲ್ಲ. ನಿವೃತ್ತರಾದ ಮೇಲೆ ಅಹಮದಾಬಾದಿನಲ್ಲೇ ಉಳಿದರು. ಬೇರೆ ಊರಿಗೆ ಹೋಗಿ ಎಂದರೆ ‘ಇಲ್ಲೇ ಛಲೋ ಅದ’ ಎನ್ನುತ್ತಿದ್ದರು. ನಾನು ತವರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ: ಸಂಜೆಯ ಹೊತ್ತಿಗೆ ಅವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು, ಚಾಳೀಸು ಮಡಚಿ ಜೇಬಿನಲ್ಲಿರುತ್ತಿತ್ತು. ಚಹಾ ಕೊಟ್ಟು ಒಳಗೆ ಬರುತ್ತಿದ್ದೆ.

ವಯಸ್ಸಾದಂತೆ ಅವರ ಕಣ್ಣಿಗೆ ಪೊರೆ ಬಂತು. ಒಂದೊಂದಾಗಿ ಎರಡೂ ಕಣ್ಣಿಗೆ ಶಸ್ತ್ರಕ್ರಿಯೆ ಮಾಡಿಸಿದೆವು. ಆಗಿನ ಕಾಲದಲ್ಲಿ ಕಣ್ಣೊಳಗಿನ ಪೊರೆಗಟ್ಟಿದ ಮಸೂರವನ್ನು ತೆಗೆದು ಹಾಗೇ ಬಿಡುತ್ತಿದ್ದರು. ಉಳಿದವರಿಗೆ ಆಮೇಲೆ ಬುಡ್ಡಿಯ ತಳದಂಥ ಗಾಜು ಬೇಕಾಗುತ್ತಿತ್ತು. ಆದರೆ ಅಪ್ಪನ ಹಾಗೆ ಬಹಳ ಉದ್ದ ಬೆಳೆದ ಕಣ್ಣಿದ್ದವರಿಗೆ ತಿರುಗುಮುರುಗಾಗುತ್ತಿತ್ತು. ಹುಟ್ಟಿದಾಗಿನಿಂದ ಕಾಣದ ದೂರ ಚಾಳೀಸಿಲ್ಲದೆಯೇ ಕಾಣತೊಡಗುತ್ತಿತ್ತು, ಓದಲಿಕ್ಕಷ್ಟೇ ಗಾಜು. ‘ಅದೃಷ್ಟವಂತರು ನೀವು’ ಎಂದು ಡಾಕ್ಟರರು ಅಪ್ಪನ ಬೆನ್ನು ತಟ್ಟಿದರು. ಅಣ್ಣ ಪೇಡೆ ತಂದ. ನಾನು ಹುಬ್ಬಳ್ಳಿಯಿಂದ ಹೋಗಿದ್ದೆ. ಸಂಜೆ ಬಾಲ್ಕನಿಗೆ ಚಹಾ ತೆಗೆದುಕೊಂಡು ಹೋದಾಗ ಅಪ್ಪ ಬರಿಗಣ್ಣಿನಲ್ಲಿ ರಸ್ತೆ ನೋಡುತ್ತ ಕೂತಿದ್ದರು. ಎದುರು ಮನೆಯ ಹೆಸರಿನ ಹಲಗೆಯನ್ನು, ಸೈಕಲ್ಲಿನ ಮೇಲೆ ಹೋಗುತ್ತಿದ್ದವನ ಅಂಗಿಯ ಗೆರೆಗಳನ್ನು ನನಗೆ ಹೇಳಿ ತೋರಿಸಿದರು. ‘ಛಲೋ ಆತಲ್ಲ ಅಪ್ಪಾ’ ಎಂದೆ.

‘ಛಲೋ ಆತು’ ಎಂದರು. ರಸ್ತೆಯ ತಿರುವಿನಲ್ಲಿ ಚೀಲ ಹಿಡಿದು ನಡೆದು ಬರುತ್ತಿದ್ದ ಯಾರೋ ಹೆಂಗಸಿನ ಮೇಲೆ ಕಣ್ಣಿಟ್ಟು ಹೇಳಿದರು: ‘ಆದ್ರ, ಬರೋವ್ರು ಯಾರಂತ ಈಗ ದೂರದಿಂದನs ಗೊತ್ತಾಗಿಬಿಡ್ತದ ನೋಡು.’

ಚಹಾ ಆರುತ್ತಿತ್ತು. ಆ ಹೆಂಗಸು ನಮ್ಮ ಮನೆಯ ಕೆಳಗೆ ಹಾಯ್ದು ಮುಂದೆ ಹೋದಳು. ನಾನು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.